ಮತ್ತೆ ಕೆಲಸಕ್ಕೆ ಹೋಗುತ್ತೇನೆಂಬ ನಂಬಿಕೆ ಎಲ್ಲಿಂದ ಬರುತ್ತದೆ?

ಸ್ವೀಡನ್‌ನ ಓರೆಬ್ರೂ ನಗರದ ಮನಶ್ಶಾಸ್ತ್ರಜ್ಞ ಸ್ಟೀವನ್ ಲಿಂಟನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆನ್ನು, ಕುತ್ತಿಗೆ, ಭುಜದ ನೋವಿನಿಂದ ಬಳಲುವ ದುಡಿಯುವ ಜನರಿಗಾಗಿ ಒಂದು ಪ್ರಶ್ನಾವಳಿ ರೂಪಿಸಿದರು. ನೋವು ಎಷ್ಟಿದೆ, ನಿದ್ದೆ ಬರುತ್ತದೆಯೇ, ಎಷ್ಟು ದಿನ ರಜೆ ಹಾಕಿದ್ದೀರಿ ಎಂಬ ಪ್ರಶ್ನೆಗಳ ನಡುವೆ ಇನ್ನೊಂದು ಪ್ರಶ್ನೆಯೂ ಇದೆ: ಇನ್ನು ಆರು ತಿಂಗಳ ಹೊತ್ತಿಗೆ ನೀವು ಕೆಲಸ ಮಾಡುತ್ತಿರುವ ಸಾಧ್ಯತೆ ಎಷ್ಟೆಂದು ನಿಮಗನ್ನಿಸುತ್ತದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿಗೆ ಗುರುತು ಹಾಕಿದರೆ ಸಾಕು. ರೋಗಿಯ ಅನಿಸಿಕೆ ಕೇಳುವ ಇಂಥ ಪ್ರಶ್ನೆ, ಎಕ್ಸ್‌ರೇ ಸ್ಕ್ಯಾನ್‌ಗಳು ಹೇಳಲಾಗದ್ದನ್ನು ಹೇಳಬಲ್ಲದು ಎಂಬುದು ಆಮೇಲೆ ಹಲವು ದೇಶಗಳಲ್ಲಿ ಕಂಡುಬಂತು. ಗುಣವಾಗುತ್ತೇನೆಂದು ನಿರೀಕ್ಷಿಸುವವರು ನಿಜಕ್ಕೂ ಚೆನ್ನಾಗಿ ಗುಣವಾಗುತ್ತಾರೆಯೇ ಎಂದು 2001ರಲ್ಲಿ ಕೆನಡಾದ ಸಂಶೋಧಕರು ಅಲ್ಲಿಯವರೆಗಿನ ಒಳ್ಳೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 16ರಲ್ಲಿ 15 ಅಧ್ಯಯನಗಳು ಹೌದು ಎಂದವು.

ಇಷ್ಟು ಕೇಳಿದೊಡನೆ ನಮ್ಮಲ್ಲಿ ಬರುವ ಮೊದಲ ಮಾತು ಗೊತ್ತೇ ಇದೆ: ಎಲ್ಲ ಮನಸ್ಸಿನಲ್ಲಿದೆ, ಧೈರ್ಯ ತಂದುಕೊಂಡರೆ ಎದ್ದು ಓಡಾಡಬಹುದು. ಗಾಯಗೊಂಡವರ ಮಂಚದ ಪಕ್ಕದಲ್ಲಿ ನಿಂತು ಇದನ್ನು ಹೇಳುವವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಕಳೆದ ನಾಲ್ಕು ದಶಕಗಳ ಸಂಶೋಧನೆಯನ್ನು ಓದಿದಾಗ ನನಗೆ ಕಾಣುವುದು ಬೇರೆಯೇ. ನಂಬಿಕೆಗೆ ಬಲವಿದೆ ಎನ್ನುವುದು ದಿಟ. ಆ ನಂಬಿಕೆಯನ್ನು ಗಾಯಾಳು ಒಬ್ಬರೇ ಕೂತು ಕಟ್ಟಿಕೊಂಡಿರುವುದಿಲ್ಲ ಎನ್ನುವುದೂ ಅಷ್ಟೇ ದಿಟ. ವೈದ್ಯರ ಮಾತು, ಸೂಪರ್‌ವೈಸರ್ ನಡೆದುಕೊಂಡ ರೀತಿ, ಪರಿಹಾರದ ಕಾನೂನು, ಮನೆಯ ಸಾಲ, ಇವೆಲ್ಲ ಸೇರಿ ಅದನ್ನು ಕಟ್ಟಿರುತ್ತವೆ. ಬದಲಾಗಬೇಕಾದ್ದು ಗಾಯಾಳುವಿನ ಮನಸ್ಸು ಮಾತ್ರ ಎಂದು ಹೊರಟಲ್ಲೆಲ್ಲ ಫಲ ಅರ್ಧಕ್ಕೇ ನಿಂತಿದೆ.

ಗಾಯದ ಅರ್ಥಕ್ಕೂ ನೋವಿಗೂ ಇರುವ ನಂಟನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಗಂಭೀರವಾಗಿ ಗಾಯಗೊಂಡು ಬಂದ ಸೈನಿಕರಲ್ಲಿ ಬಹಳಷ್ಟು ಮಂದಿ ನೋವಿನ ಮದ್ದನ್ನೇ ಬೇಡವೆಂದದ್ದು ಅವರನ್ನು ಚಕಿತಗೊಳಿಸಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಾಮಾನ್ಯ ರೋಗಿಗಳೊಂದಿಗೆ ಆ ಸೈನಿಕರನ್ನು ಹೋಲಿಸಿ 1956ರಲ್ಲಿ ಅವರು ಬರೆದ ಪ್ರಕಾರ, ಮದ್ದು ಬೇಕೆಂದವರು ಸೈನಿಕರಲ್ಲಿ ಸುಮಾರು ಮೂವರಿಗೊಬ್ಬರು, ಸಾಮಾನ್ಯ ರೋಗಿಗಳಲ್ಲಿ ಐವರಿಗೆ ನಾಲ್ವರಿಗಿಂತಲೂ ಹೆಚ್ಚು. ಬೀಚರ್ ಕೊಟ್ಟ ವಿವರಣೆ ಸರಳವಾಗಿತ್ತು. ಸೈನಿಕನಿಗೆ ಗಾಯವೆಂದರೆ ಸಾವಿನ ಬಾಯಿಂದ ಪಾರಾಗಿ ಮನೆಗೆ ಹೋಗುವ ದಾರಿ. ಊರಿನಲ್ಲಿದ್ದವನಿಗೆ ಅದೇ ಗಾಯ ಒಂದು ವಿಪತ್ತು. ಈ ವಿವರಣೆಯನ್ನು ಹಾಗೇ ನಮ್ಮ ಕಡೆಗೆ ತಿರುಗಿಸಿ ನೋಡಬೇಕು. ಮೂರನೇ ಅಂತಸ್ತಿನ ಸಾರುವೆಯಿಂದ ಬಿದ್ದ ಗಾರೆ ಕೆಲಸದವನಿಗೆ ಕಾಲಿನ ಮುರಿತವೆಂದರೆ ಅಂದಿನಿಂದಲೇ ನಿಂತುಹೋದ ಕೂಲಿ, ಕಟ್ಟಬೇಕಾದ ಸಂಘದ ಕಂತು, ಮಕ್ಕಳ ಫೀಸು. ಆ ನೋವು ಹೆಚ್ಚಾಗಿ ಕಾಡಿದರೆ ಅವನ ಮನಸ್ಸು ದುರ್ಬಲವೆಂದು ಅರ್ಥವಲ್ಲ. ಅವನ ಬದುಕಿನಲ್ಲಿ ಆ ಗಾಯಕ್ಕೆ ಅಂಥ ಅರ್ಥವಿದೆ, ಅಷ್ಟೆ.

ವೈದ್ಯಲೋಕದ ನಂಬಿಕೆಯೇ ಬಹುಕಾಲ ತಪ್ಪು ದಾರಿಯಲ್ಲಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಸೊಂಟ ಹಿಡಿದುಕೊಂಡರೆ ಹಲಗೆಯ ಮೇಲೆ ಅಂಗಾತ ಮಲಗಿಸಿ ವಾರಗಟ್ಟಲೆ ಬೆಡ್ ರೆಸ್ಟ್ ಹೇಳುವುದು ಇಪ್ಪತ್ತನೇ ಶತಮಾನದ ಬಹುಭಾಗ ಎಲ್ಲ ಕಡೆ ರೂಢಿಯಲ್ಲಿತ್ತು. ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗಾರ್ಡನ್ ವಾಡೆಲ್ 1987ರಲ್ಲಿ ಒಂದು ಪ್ರಬಂಧ ಬರೆದು ಇದನ್ನು ನೇರವಾಗಿ ಪ್ರಶ್ನಿಸಿದರು. ಸಾಮಾನ್ಯ ಬೆನ್ನುನೋವು ಬರೀ ಮೂಳೆ ಮಾಂಸಗಳ ಕತೆಯಲ್ಲ, ಮಲಗಿಸುವ ಚಿಕಿತ್ಸೆಯೇ ಅಂಗವೈಕಲ್ಯವನ್ನು ಬೆಳೆಸುತ್ತಿದೆ ಎಂದರು. 1995ರಲ್ಲಿ ಫಿನ್ಲೆಂಡಿನಿಂದ ಬಂದ ಒಂದು ಪ್ರಯೋಗ ಈ ವಾದಕ್ಕೆ ಬೆನ್ನೆಲುಬಾಯಿತು. ಹೊಸದಾಗಿ ಬೆನ್ನುನೋವು ಕಾಣಿಸಿಕೊಂಡ, ಹೆಲ್ಸಿಂಕಿ ನಗರಾಡಳಿತದ 186 ನೌಕರರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎರಡು ದಿನದ ಪೂರ್ಣ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮತ್ತೊಂದಕ್ಕೆ ತಾಳಿಕೊಳ್ಳುವಷ್ಟರ ಮಟ್ಟಿಗೆ ಎಂದಿನ ಓಡಾಟ ಮುಂದುವರಿಸಲು ಹೇಳಲಾಯಿತು. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು. ಮಲಗಿದವರದ್ದು ಎಲ್ಲರಿಗಿಂತ ನಿಧಾನ. ಇದಾಗಿ ಮೂವತ್ತು ವರ್ಷ ಕಳೆದಿದೆ. ನಮ್ಮ ಊರುಗಳಲ್ಲಿ ಬೆಡ್ ರೆಸ್ಟ್ ಇನ್ನೂ ಔಷಧದ ಚೀಟಿಯ ಮೊದಲ ಸಾಲಾಗಿ ಉಳಿದಿರುವುದು ನನಗೆ ನೋವಿನ ಸಂಗತಿ.

ಭಯ ಹೇಗೆ ದೇಹಕ್ಕಿಳಿಯುತ್ತದೆ ಎಂಬುದರ ಬಗ್ಗೆ ಹೆಚ್ಚು ಚರ್ಚೆಯಾದ ವಿವರಣೆಯನ್ನು ಲಿಂಟನ್ ಮತ್ತು ಯೋಹಾನ್ ವ್ಲಾಯನ್ 2000ದಲ್ಲಿ ವಿಸ್ತಾರವಾಗಿ ಮಂಡಿಸಿದರು. ಏಟು ಬಿದ್ದಾಗ ನೋವಾಗುತ್ತದೆ. ಆ ನೋವನ್ನು ಒಳಗೆ ಏನೋ ಹರಿಯುತ್ತಿದೆ, ಕಳಚಿಕೊಳ್ಳುತ್ತಿದೆ ಎಂಬ ಸೂಚನೆಯಾಗಿ ತೆಗೆದುಕೊಂಡವರು ಬಗ್ಗುವುದನ್ನು, ಎತ್ತುವುದನ್ನು ಬಿಡುತ್ತಾರೆ. ಬಿಟ್ಟಷ್ಟೂ ಸ್ನಾಯು ಸೊರಗುತ್ತದೆ, ದೇಹ ಬಿಗಿಯುತ್ತದೆ, ಮನಸ್ಸು ಕುಗ್ಗುತ್ತದೆ. ಆಮೇಲೆ ಸ್ವಲ್ಪ ಬಗ್ಗಿದರೂ ನಿಜಕ್ಕೂ ನೋಯುತ್ತದೆ, ಭಯಕ್ಕೆ ಪುರಾವೆ ಸಿಕ್ಕಂತಾಗುತ್ತದೆ. ಈ ಸುತ್ತಿನಿಂದ ಹೊರಬರಲು, ಯಾವ ಚಲನೆಗೆ ಹೆದರುತ್ತಾರೋ ಅದನ್ನೇ ಚಿಕ್ಕ ಪ್ರಮಾಣದಲ್ಲಿ, ಜೊತೆಗೆ ನಿಂತು, ಮಾಡಿಸುತ್ತ ಹೋಗಬೇಕು. ಅನಾಹುತವಾಗಲಿಲ್ಲ ಎಂಬುದನ್ನು ದೇಹವೇ ಕಲಿಯಬೇಕು, ಬಾಯಿಮಾತಿನ ಸಮಾಧಾನ ಅಲ್ಲಿಗೆ ತಲುಪುವುದಿಲ್ಲ. ಈ ಬಗೆಯ ಚಿಕಿತ್ಸೆಗೆ ಈಗ ಒಳ್ಳೆಯ ಆಧಾರವೂ ಇದೆ. ಆಸ್ಟ್ರೇಲಿಯಾದಲ್ಲಿ ದೀರ್ಘಕಾಲದ ಬೆನ್ನುನೋವಿನ 492 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೋವನ್ನು ಅರ್ಥಮಾಡಿಸಿ, ಹೆದರಿದ ಚಲನೆಗಳನ್ನು ಮತ್ತೆ ರೂಢಿ ಮಾಡಿಸಿದ ಫಿಸಿಯೋಥೆರಪಿಯ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು.

1993ರಲ್ಲಿ ವಾಡೆಲ್ ತಂಡ ಇದೇ ಭಯವನ್ನು ಅಳೆಯುವ ಪ್ರಶ್ನೆಪತ್ರಿಕೆ ತಯಾರಿಸಿದಾಗ ಒಂದು ಮುಖ್ಯ ಸಂಗತಿ ಹೊರಬಿತ್ತು. ಓಡಾಟದ ಬಗೆಗಿನ ಭಯ ಬೇರೆ, ಕೆಲಸದ ಬಗೆಗಿನ ಭಯ ಬೇರೆ. ನನ್ನ ನೋವಿಗೆ ಕೆಲಸವೇ ಕಾರಣ, ಆ ಕೆಲಸಕ್ಕೆ ಮರಳಿದರೆ ಮತ್ತೆ ಹಾಳಾಗುತ್ತೇನೆ ಎಂಬ ನಂಬಿಕೆಗೂ ಕೆಲಸ ತಪ್ಪಿದ ದಿನಗಳಿಗೂ ಇದ್ದ ಸಂಬಂಧ, ನೋವಿನ ತೀವ್ರತೆಗೂ ಆ ದಿನಗಳಿಗೂ ಇದ್ದ ಸಂಬಂಧಕ್ಕಿಂತ ಬಲವಾಗಿತ್ತು. ಮನೆಯಲ್ಲಿ ಕೊಡ ನೀರು ಎತ್ತುವ ಹೆಣ್ಣುಮಗಳು ಗಾರ್ಮೆಂಟ್ಸಿನ ಬಾಗಿಲಲ್ಲಿ ಹಿಂಜರಿದರೆ ಅವಳು ನಟಿಸುತ್ತಿದ್ದಾಳೆ ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಮನೆಯಲ್ಲಿ ಕೊಡವನ್ನು ಇಳಿಸಿ ಸುಧಾರಿಸಿಕೊಳ್ಳಬಹುದು. ಟಾರ್ಗೆಟ್ ಇರುವ ಲೈನಿನಲ್ಲಿ ಅದು ಸಾಧ್ಯವಿಲ್ಲ.

ಈ ಭಯದ ದೊಡ್ಡ ಪಾಲು ಆಸ್ಪತ್ರೆಯಲ್ಲೇ ಹುಟ್ಟುತ್ತದೆ. "ಡಿಸ್ಕ್ ಜಾರಿದೆ", "ಬೆನ್ನುಮೂಳೆ ಸವೆದಿದೆ", "ನರ ಒತ್ತಿದೆ", "ಇನ್ನು ಮೇಲೆ ಭಾರ ಎತ್ತಲೇಬೇಡಿ." ಹೇಳಿದವರಿಗೆ ಅದು ಅರ್ಧ ನಿಮಿಷದ ಮಾತು, ಕೇಳಿದವರು ಜೀವನಪೂರ್ತಿ ಹೊರುತ್ತಾರೆ. ನ್ಯೂಜಿಲೆಂಡಿನಲ್ಲಿ ಬೆನ್ನುನೋವಿನವರನ್ನು ಮಾತಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವೈದ್ಯರ ಇಂಥ ಮಾತುಗಳ ಪರಿಣಾಮ ವರ್ಷಗಟ್ಟಲೆ ಉಳಿಯುತ್ತದೆಂದು ತೋರಿಸಿತು. ಆ ಮಾತಿಗೆ ಆಧಾರವಾಗುವ ಸ್ಕ್ಯಾನ್ ಎಷ್ಟು ನಂಬಬಹುದಾದದ್ದು? ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳ ವಿವರವನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತವಿತ್ತು, ಎಂಬತ್ತರವರಲ್ಲಿ ಶೇ. 96 ಮಂದಿಗೆ. ಡಿಸ್ಕ್ ಉಬ್ಬಿರುವುದು ಇಪ್ಪತ್ತರಲ್ಲಿ ಶೇ. 30, ಎಂಬತ್ತರಲ್ಲಿ ಶೇ. 84. ತಲೆಗೂದಲು ನರೆಯುವಂತೆ ಬೆನ್ನಿನೊಳಗೂ ವಯಸ್ಸಿನ ಗುರುತುಗಳು ಮೂಡುತ್ತವೆ. ಅವನ್ನು ರೋಗದ ಹೆಸರಿಟ್ಟು ಕರೆದಾಗ, ನಡೆದಾಡಿಕೊಂಡಿದ್ದ ಮನುಷ್ಯ ಒಡೆದ ಪಾತ್ರೆಯನ್ನು ಹೊತ್ತವನಂತೆ ಬದುಕತೊಡಗುತ್ತಾನೆ.

ಹಾಗಾದರೆ ವರದಿಯ ಕೆಳಗೇ ಈ ಅಂಕಿಗಳನ್ನು ಮುದ್ರಿಸಿಬಿಟ್ಟರೆ ಆಯಿತಲ್ಲ? ಅಮೆರಿಕದಲ್ಲಿ ಎರಡೂವರೆ ಲಕ್ಷ ರೋಗಿಗಳ ವರದಿಗಳಲ್ಲಿ ಇದನ್ನು ಮಾಡಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಬೆನ್ನಿನ ಚಿಕಿತ್ಸೆಯ ಒಟ್ಟು ಪ್ರಮಾಣದಲ್ಲಿ ವ್ಯತ್ಯಾಸವಾಗಲಿಲ್ಲ. ಅಫೀಮು ಜಾತಿಯ ನೋವು ನಿವಾರಕಗಳ ಬಳಕೆ ತುಸು ತಗ್ಗಿತು, ಅಷ್ಟೆ. ಕಾಗದದ ಮೇಲಿನ ಒಂದು ಸಾಲು ಮನುಷ್ಯರು ಎದುರಿಗೆ ಕೂತು ಆಡುವ ಮಾತಿಗೆ ಸಮನಾಗಲಾರದು.

ಇಡೀ ಸಮಾಜದ ನಂಬಿಕೆಯನ್ನೇ ಬದಲಿಸಲು ಹೊರಟ ಅತಿ ದೊಡ್ಡ ಪ್ರಯತ್ನ ನಡೆದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ. 1997ರಿಂದ 1999ರವರೆಗೆ ಅಲ್ಲಿನ ಕಾರ್ಮಿಕ ಪರಿಹಾರ ಪ್ರಾಧಿಕಾರ ಟಿವಿಯಲ್ಲಿ ಜಾಹೀರಾತು ಹಾಕಿ, ಬೆನ್ನುನೋವು ಬಂದರೆ ಮಲಗಬೇಡಿ, ಓಡಾಡಿ, ಆದಷ್ಟು ಕೆಲಸದಲ್ಲೇ ಇರಿ ಎಂದು ಸಾರಿತು. ತಜ್ಞ ವೈದ್ಯರು, ಆಟಗಾರರು, ಜನಪ್ರಿಯ ಕಲಾವಿದರು ಪರದೆಯ ಮೇಲೆ ಬಂದು ಇದನ್ನು ಹೇಳಿದರು. ರಾಜ್ಯದ ವೈದ್ಯರಿಗೆಲ್ಲ ಮಾರ್ಗದರ್ಶಿ ಸೂತ್ರಗಳನ್ನು ಕಳಿಸಲಾಯಿತು. ರೇಚಲ್ ಬುಕ್‌ಬೈಂಡರ್ ಮತ್ತವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಅಭಿಯಾನ ನಡೆಯದ ನೆರೆಯ ನ್ಯೂ ಸೌತ್ ವೇಲ್ಸ್‌ನಲ್ಲಿ ಜನರ ಅಭಿಪ್ರಾಯ ಇದ್ದಲ್ಲೇ ಇತ್ತು, ವಿಕ್ಟೋರಿಯಾದಲ್ಲಿ ಜನರದ್ದೂ ವೈದ್ಯರದ್ದೂ ಬದಲಾಗಿತ್ತು. ಬೆನ್ನಿನ ಪರಿಹಾರ ಅರ್ಜಿಗಳು ಶೇ. 15ಕ್ಕಿಂತ ಹೆಚ್ಚು ಇಳಿದಿದ್ದವು.

ಇದನ್ನು ನೋಡಿ ಸ್ಕಾಟ್ಲೆಂಡ್, ನಾರ್ವೆ ದೇಶಗಳೂ ಕೆನಡಾದ ಆಲ್ಬರ್ಟಾ ಪ್ರಾಂತ್ಯವೂ ಅಭಿಯಾನ ನಡೆಸಿದವು. ಅಲ್ಲೂ ನಂಬಿಕೆ ಬದಲಾಯಿತು. ಸ್ಕಾಟ್ಲೆಂಡಿನಲ್ಲಂತೂ, ಬೆನ್ನುನೋವಿಗೆ ವಿಶ್ರಾಂತಿಯೇ ಮದ್ದು ಎನ್ನುತ್ತಿದ್ದ ಬಹುಮತ ಓಡಾಟವೇ ಒಳ್ಳೆಯದು ಎನ್ನುವ ಕಡೆಗೆ ವಾಲಿತು. ಆದರೆ ಕೆಲಸಕ್ಕೆ ಗೈರಾಗುವುದು ಮಾತ್ರ ಗಮನಾರ್ಹವಾಗಿ ತಗ್ಗಲಿಲ್ಲ. ಸ್ಕಾಟ್ಲೆಂಡ್ ಮತ್ತು ಆಲ್ಬರ್ಟಾದಲ್ಲಿ ಪ್ರಚಾರ ಹೆಚ್ಚಾಗಿ ರೇಡಿಯೋ ಮೂಲಕ ನಡೆಯಿತು, ಖರ್ಚೂ ಕಡಿಮೆಯಿತ್ತು ಎಂಬ ಕಾರಣ ಕೊಡುವವರಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ವಿಕ್ಟೋರಿಯಾದಲ್ಲಿ ಮಾತನಾಡಿದ್ದು ಪರಿಹಾರದ ಹಣ ಕೊಡುವ ಪ್ರಾಧಿಕಾರವೇ, ಅದು ಹೇಳಿದ್ದು ಕೆಲಸದ ವಿಷಯವನ್ನೇ, ಕೇಳಿಸಿಕೊಂಡವರಲ್ಲಿ ಮಾಲೀಕರೂ ಇದ್ದರು. ದೇಹ ಸಿದ್ಧವಿದೆ ಎಂದು ನಂಬಿದ ಕಾರ್ಮಿಕನಿಗೆ ಹೋಗಿ ನಿಲ್ಲಲು ಒಂದು ಜಾಗವೂ ಬೇಕು.

ಆ ಜಾಗದ ಮಹತ್ವ ಹೇಳುವ ಅಧ್ಯಯನಗಳಲ್ಲಿ ಹಳೆಯದು ಬೋಯಿಂಗ್ ವಿಮಾನ ಕಾರ್ಖಾನೆಯದು. ಸ್ಟ್ಯಾನ್ಲಿ ಬೀಗೋಸ್ ಮುಂದಾಳತ್ವದಲ್ಲಿ 3020 ನೌಕರರನ್ನು ಗಮನಿಸುತ್ತ ಹೋಗಿ 1991ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ತಮ್ಮ ಕೆಲಸ ಹೆಚ್ಚುಕಡಿಮೆ ಎಂದೂ ಹಿತವೆನಿಸದವರು, ಹಿತವೆನಿಸಿದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿ ಬೆನ್ನಿನ ಗಾಯ ವರದಿ ಮಾಡಿದ್ದರು. ಮುಂದೆ ಕ್ವಿಬೆಕ್‌ನ ಶೆರ್‌ಬ್ರೂಕ್‌ನಲ್ಲಿ ಪ್ಯಾಟ್ರಿಕ್ ಲ್ವಾಸೆಲ್ ಅವರ ತಂಡ ನಾಲ್ಕು ವಾರಕ್ಕಿಂತ ಹೆಚ್ಚು ಗೈರಾದ ಕಾರ್ಮಿಕರೊಡನೆ ಕೆಲಸದ ಸ್ಥಳಕ್ಕೇ ಹೋಯಿತು. ಕಾರ್ಮಿಕ, ಮೇಲ್ವಿಚಾರಕ, ತಜ್ಞ ಮೂವರೂ ಒಟ್ಟಿಗೆ ಕೂತು ಕೆಲಸದ ಯಾವ ಭಾಗ ಕಷ್ಟ, ಅದನ್ನು ಹೇಗೆ ಬದಲಿಸಬಹುದು ಎಂದು ನಿರ್ಧರಿಸಿದರು. ಜೊತೆಗೆ ಚಿಕಿತ್ಸೆಯೂ ಸಿಕ್ಕವರು, ಎಂದಿನ ಆರೈಕೆ ಮಾತ್ರ ಪಡೆದವರಿಗಿಂತ 2.4 ಪಟ್ಟು ವೇಗವಾಗಿ ತಮ್ಮ ಕೆಲಸಕ್ಕೆ ಮರಳಿದರು. 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇದೇ ಮಾದರಿಯನ್ನು ಪರೀಕ್ಷಿಸಿದಾಗ, ಕೆಲಸದ ಸ್ಥಳದ ಮಾತುಕತೆಯಾದವರಲ್ಲಿ ಮರಳುವ ಅವಧಿಯ ಮಧ್ಯಾಂಕ 77 ದಿನ, ಆಗದವರಲ್ಲಿ 104 ದಿನ. ಅದೇ ಪ್ರಯೋಗದಲ್ಲಿ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿ ಧೈರ್ಯ ತುಂಬುವ ಚಿಕಿತ್ಸೆಯೂ ಇತ್ತು. ಅದನ್ನು ಪಡೆದವರು ಮರಳಿದ್ದು ಇನ್ನೂ ತಡವಾಗಿ. ಮನಸ್ಸನ್ನು ಗಟ್ಟಿ ಮಾಡುವುದೇ ದಾರಿ ಎನ್ನುವವರು ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ನ್ಯಾಯದ ಪ್ರಶ್ನೆ ಇನ್ನೂ ಜಟಿಲ. ಕೆನಡಾದ ಸಸ್ಕಾಚೆವಾನ್‌ನಲ್ಲಿ 1995ರ ಜನವರಿ 1ರಂದು ವಾಹನ ಅಪಘಾತ ಪರಿಹಾರದ ಕಾನೂನು ಬದಲಾಯಿತು. ತಪ್ಪು ಯಾರದೆಂದು ನ್ಯಾಯಾಲಯದಲ್ಲಿ ಸಾಧಿಸಿ ನೋವಿಗೆ ಹಣ ಪಡೆಯುವ ಪದ್ಧತಿ ಹೋಗಿ, ತಪ್ಪು ಯಾರದಾದರೂ ಚಿಕಿತ್ಸೆ, ವೇತನಗಳ ಪರಿಹಾರ ಸಿಗುವ ಪದ್ಧತಿ ಬಂತು. ಕುತ್ತಿಗೆ ಉಳುಕಿದ ಪ್ರಕರಣಗಳು ಮುಗಿಯಲು ಹಿಡಿಯುತ್ತಿದ್ದ ಕಾಲದ ಮಧ್ಯಾಂಕ 433 ದಿನಗಳಿಂದ 194ಕ್ಕೆ ಇಳಿಯಿತು ಎಂದು 2000ದಲ್ಲಿ ವರದಿಯಾಯಿತು. ಕಡತ ಮುಚ್ಚುವುದೂ ಮನುಷ್ಯ ಗುಣವಾಗುವುದೂ ಒಂದೇ ಅಲ್ಲ ಎಂಬ ಆಕ್ಷೇಪವೂ ಬಂತು, ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಾಯಿಲೆಯನ್ನು ಪದೇಪದೇ ಸಾಬೀತುಪಡಿಸಬೇಕಾದವರಿಗೆ ಗುಣವಾಗುವುದು ಕಷ್ಟವೆಂದು ಅಮೆರಿಕದ ಸಂಧಿವಾತ ತಜ್ಞ ನಾರ್ಟಿನ್ ಹ್ಯಾಡ್ಲರ್ ಹೇಳಿದ ಮಾತನ್ನೂ ತಳ್ಳಿಹಾಕಲಾಗದು. ಮಾಂಟ್ರಿಯಲ್‌ನ ಮೈಕೆಲ್ ಸಲಿವನ್ ಇನ್ನೊಂದು ಬದಿಯಿಂದ ಇದನ್ನು ನೋಡಿದರು. ನನಗೆ ಅನ್ಯಾಯವಾಗಿದೆ, ಕಳೆದುಕೊಂಡದ್ದು ಮರಳಿ ಬಾರದು ಎಂಬ ಭಾವ ಗಾಢವಾಗಿರುವವರ ನೋವು ದೀರ್ಘವಾಗುತ್ತದೆ, ಅವರು ಕೆಲಸಕ್ಕೆ ಮರಳುವುದು ಕಡಿಮೆ ಎಂದು ಅವರ ತಂಡದ ಅಧ್ಯಯನಗಳು ಹೇಳುತ್ತವೆ. ಕಾವಲು ಪಟ್ಟಿ ಇಲ್ಲದ ಯಂತ್ರದಲ್ಲಿ ಬೆರಳು ಕಳೆದುಕೊಂಡವನಿಗೆ ಅನ್ಯಾಯವಾಗಿದೆ ಅನ್ನಿಸಿದರೆ ಅದು ತಿದ್ದಬೇಕಾದ ತಪ್ಪು ನಂಬಿಕೆಯಲ್ಲ, ಸತ್ಯ. ಅದಕ್ಕೆ ಮದ್ದು ಯಂತ್ರಕ್ಕೆ ಕಾವಲು ಹಾಕುವುದು, ಆದ ತಪ್ಪನ್ನು ಒಪ್ಪಿಕೊಳ್ಳುವುದು.

ಇದೇ ಎಚ್ಚರ ನಿರೀಕ್ಷೆಯ ಅಧ್ಯಯನಗಳಿಗೂ ಬೇಕು. ಆರು ತಿಂಗಳಲ್ಲಿ ಕೆಲಸದಲ್ಲಿರುತ್ತೀರಾ ಎಂಬ ಪ್ರಶ್ನೆಗೆ ಸೊನ್ನೆ ಗುರುತು ಹಾಕುವ ಹಮಾಲಿ ನಿರಾಶಾವಾದಿಯೇ ಆಗಿರಬೇಕಿಲ್ಲ. ಮಂಡಿಯಲ್ಲಿ ಹಗುರ ಕೆಲಸವೆಂಬುದು ಇಲ್ಲ, ತನ್ನ ಜಾಗಕ್ಕೆ ಬೇರೆಯವನು ಬಂದಾಗಿದೆ ಎಂಬುದು ಅವನಿಗೆ ವೈದ್ಯರಿಗಿಂತ ಚೆನ್ನಾಗಿ ಗೊತ್ತು. ಅವನ ಉತ್ತರ ಮುಂದಾಗುವುದಕ್ಕೆ ಕಾರಣವಲ್ಲ, ಮುಂದಾಗುವುದರ ತಿಳಿವಳಿಕೆ. ಭಯದ ವಿವರಣೆ ಎಲ್ಲರಿಗೂ ಹೊಂದುವುದೂ ಇಲ್ಲ. ಜರ್ಮನಿಯ ಮೋನಿಕಾ ಹಾಸೆನ್‌ಬ್ರಿಂಗ್ ತೋರಿಸಿದಂತೆ, ನೋವನ್ನು ಹಲ್ಲುಕಚ್ಚಿ ಸಹಿಸಿ ದೇಹವನ್ನು ಅತಿಯಾಗಿ ದುಡಿಸುವವರೂ ದೀರ್ಘ ನೋವಿಗೆ ಬೀಳುತ್ತಾರೆ. ಪ್ಲಾಸ್ಟರ್ ಬಿಚ್ಚಿದ ಮರುವಾರವೇ ಸೆಂಟ್ರಿಂಗ್ ಕೆಲಸಕ್ಕೆ ಹತ್ತುವವರಿಗೆ ಹೆದರಬೇಡಿ ಎಂಬ ಉಪದೇಶ ಬೇಕಿಲ್ಲ, ನಿಧಾನವಾಗಿ ಹೋಗಲು ಅವಕಾಶ ಬೇಕು. ಮತ್ತೆ, ಕಾಲಿನ ಬಲ ಕುಗ್ಗುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರದ ಜೊತೆ ಬೆನ್ನು ನೋಯುತ್ತಿದ್ದರೆ, ಬಿದ್ದು ಮೂಳೆ ಮುರಿದ ಶಂಕೆಯಿದ್ದರೆ ನಂಬಿಕೆಯ ಚರ್ಚೆಗೆ ಅಲ್ಲಿ ಜಾಗವಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಮ್ಮ ದೇಶದ ವ್ಯವಸ್ಥೆ ಯಾವ ನಂಬಿಕೆಯನ್ನು ಬೆಳೆಸುತ್ತಿದೆ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ವ್ಯಾಪ್ತಿಗೆ ಬರುವವರಿಗೆ ಕೆಲಸದ ಗಾಯದಿಂದ ತಾತ್ಕಾಲಿಕ ಅಶಕ್ತತೆ ಬಂದರೆ ಸರಾಸರಿ ವೇತನದ ಶೇ. 90 ಸಿಗುತ್ತದೆ. ಇದು ದೊಡ್ಡ ಆಸರೆ. ಆದರೆ ದುಡಿದು ಸಂಬಳ ಪಡೆದ ದಿನಕ್ಕೆ ಈ ಭತ್ಯೆಯಿಲ್ಲ. ಅಂದರೆ ಅರ್ಧ ದಿನ ಹೋಗಿ ನೋಡುತ್ತೇನೆ, ಈ ವಾರ ಕೂತು ಮಾಡುವ ಕೆಲಸ ಕೊಡಿ ಎನ್ನುವವರಿಗೆ ದಾರಿ ಕಿರಿದು. ವೈದ್ಯರ ಸರ್ಟಿಫಿಕೇಟು ಒಂದೋ ಅಶಕ್ತ ಎನ್ನುತ್ತದೆ, ಇಲ್ಲವೇ ಪೂರ್ತಿ ಸಶಕ್ತ ಎನ್ನುತ್ತದೆ. ಬ್ರಿಟನ್ 2010ರ ಏಪ್ರಿಲ್‌ನಲ್ಲಿ ಹಳೆಯ ಅನಾರೋಗ್ಯ ಚೀಟಿಯನ್ನು ಬದಲಿಸಿ, ಕೆಲವು ಏರ್ಪಾಡು ಮಾಡಿದರೆ ಕೆಲಸ ಮಾಡಬಹುದು ಎಂಬ ಮೂರನೆಯ ಸಾಧ್ಯತೆಯನ್ನು ಸೇರಿಸಿತು. ಹಂತಹಂತವಾಗಿ ಮರಳುವುದು, ಸಮಯದ ಬದಲಾವಣೆ, ಕೆಲಸದ ಬದಲಾವಣೆ, ಸ್ಥಳದ ಹೊಂದಾಣಿಕೆ ಎಂಬ ನಾಲ್ಕು ಆಯ್ಕೆಗಳು ಆ ಚೀಟಿಯಲ್ಲಿವೆ.

ಶಾಶ್ವತ ಗಾಯದ ಲೆಕ್ಕದಲ್ಲೂ ನಮ್ಮ ಕಾನೂನು ಬಹುಕಾಲ ಅಂಗವನ್ನೇ ಎಣಿಸುತ್ತ ಬಂದಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30, ಒಂದು ಕಣ್ಣಿಗೆ ಶೇ. 40 ಎಂದಿತ್ತು. ಮೋಟಾರು ಅಪಘಾತದ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿತು. ಎಡಗೈ ಹೋದ ಬಡಗಿ ಅಥವಾ ಡ್ರೈವರ್ ದುಡಿಮೆಯನ್ನು ಪೂರ್ತಿ ಕಳೆದುಕೊಳ್ಳಬಹುದು, ಅದೇ ಗಾಯವಾದ ಗುಮಾಸ್ತರು ಕೆಲಸದಲ್ಲಿ ಮುಂದುವರಿಯಬಹುದು. ದೇಹದ ಶೇಕಡಾವಾರು ಲೆಕ್ಕವೂ ಗಳಿಕೆಯ ನಷ್ಟವೂ ಒಂದೇ ಅಲ್ಲ. ಸರ್ಕಾರಿ ನೌಕರಿಯಲ್ಲಿರುವವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಇನ್ನಷ್ಟು ಭದ್ರತೆ ಕೊಡುತ್ತದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಆ ಕೆಲಸ ಸಾಧ್ಯವಾಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಬಸ್ಸಿನ ಡ್ರೈವರ್ ಒಬ್ಬರು ಮರಳಿ ದುಡಿಯುತ್ತೇನೆಂದು ನಂಬಲು ಈ ಒಂದು ಕಲಂ ಮಾಡುವ ಸಹಾಯವನ್ನು ಹತ್ತು ಧೈರ್ಯದ ಭಾಷಣಗಳು ಮಾಡಲಾರವು.

ಕಾಫಿ ತೋಟದಲ್ಲಿ ಮರ ಕಸಿ ಮಾಡುವವರಿಗೆ, ಅಡಿಕೆ ಮರ ಹತ್ತುವವರಿಗೆ, ಗಾರೆಯವರಿಗೆ ಇಂಥ ಕಲಂ ಇಲ್ಲ. ಆದರೆ ಕಟ್ಟಡ ಕಾರ್ಮಿಕರಿಗೆ ಒಂದು ಕಲ್ಯಾಣ ಮಂಡಳಿಯಿದೆ, ನಿರ್ಮಾಣ ವೆಚ್ಚದ ಶೇ. 1ರಂತೆ ವಸೂಲಾಗುವ ಸೆಸ್‌ನ ಹಣವಿದೆ, ಅಪಘಾತವಾದರೆ ಒಂದು ಮೊತ್ತದ ನೆರವೂ ಇದೆ. ಗಾಯಗೊಂಡವರು ಅರ್ಧ ದಿನದ ಹಗುರ ಕೆಲಸದಿಂದ ಶುರುಮಾಡುವ ಮೊದಲ ಎರಡು ಮೂರು ತಿಂಗಳು, ಉಳಿದರ್ಧ ಕೂಲಿಯನ್ನು ಆ ನಿಧಿಯಿಂದ ತುಂಬಿಕೊಡಬಹುದು. ಇಎಸ್‌ಐ ಸರ್ಟಿಫಿಕೇಟಿನಲ್ಲಿ ಮೂರನೆಯ ಕಾಲಂ ಒಂದನ್ನು ಸೇರಿಸಿ, ಭಾಗಶಃ ದುಡಿದ ದಿನಕ್ಕೆ ಭಾಗಶಃ ಭತ್ಯೆ ಕೊಡಬಹುದು. ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಮೇಸ್ತ್ರಿಗೆ ಒಂದು ಫೋನ್ ಮಾಡಿ, ಈತ ಇನ್ನೊಂದು ತಿಂಗಳು ಮೂಟೆ ಹೊರುವುದು ಬೇಡ, ಇಟ್ಟಿಗೆಗೆ ನೀರು ಹಾಕುವುದು, ಸಾಮಾನು ಲೆಕ್ಕ ಇಡುವುದು ಮಾಡಲಿ ಎಂದು ಹೇಳುವುದು ಅವರ ಕೆಲಸದ ಭಾಗವೇ ಆಗಬಹುದು.